ಇನ್‌ಶರ್ಟ್ ಮಾಡಿದ ಬೆಳಿಗ್ಗೆ

ಆ ರಜೆಯಲ್ಲಿ ಒಂದು ಸಂಜೆ ಅಪ್ಪ ಶಿರಾದಲ್ಲಿ ಕುರಿ ಮಾರಿ ಮನೆಗೆ ಬಂದಾಗ ಮಿಲಿಟರಿ ಪ್ಯಾಂಟು ಹಾಕಿಕೊಂಡಿದ್ದ. ತಳ್ಳುಗಾಡಿಯಲ್ಲಿ ಮಾರುವ ನಕಲಿ ಮಾಲು. ಸಣ್ಣ ಸಣ್ಣ ಚೌಕದ ಚುಕ್ಕಿಗಳಿದ್ದ ಹೊಸ ನಮೂನೆ. ಅದರ ಮೇಲೆ ನಾನು ಹಿಂದಿನ ಸಲ ಬಿಟ್ಟುಹೋಗಿದ್ದ ಹಳೆಯ ಜಾಕೆಟ್ಟು, ದೊಡ್ಡ ದೊಡ್ಡ ಎಲೆ ಬಳಿದಂತಿರುವುದು. ಹೆಗಲ ಮೇಲೆ ಕಂಬಳಿ. ಜಗಲಿ ಮೇಲೆ ನಿಂತು ಒಂದೊಂದೇ ಕಾಲು ಎತ್ತಿ ತೋರಿಸಿ, ಹೆಂಗೈತೆ ಅಂತ ಕೇಳಿದ.

"ಬಿಚ್ಚು," ಅಂದೆ.

ನಾನು ಸುಮ್ಮನೆ ನಗಬಹುದಿತ್ತು. ನಗುವ ಬುದ್ಧಿ ನನಗೆ ಆಗ ಇರಲಿಲ್ಲ. ನಾನು ಮಿಲಿಟರಿ ಪೊಲೀಸಿನಲ್ಲಿದ್ದೇನೆ. ಊರವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಸಿಪಾಯಿಗಳು ನಿಯಮ ಮೀರಿದರೆ ಹಿಡಿಯುವ ಸಿಪಾಯಿ. ಸೈನ್ಯದಲ್ಲಿ ಆಗ ಹಳೆಯ ಡ್ರೆಸ್ ಹೋಗಿ ಹೊಸ ಡ್ರೆಸ್ ಬರುತ್ತಿದ್ದ ಕಾಲ. ನಮ್ಮಲ್ಲಿ ಇದ್ದ ನಿಯಮ ಬಹಳ ಸರಳ. ಹಾಕಿದರೆ ಪೂರ್ತಿ ಹಳೇದು, ಇಲ್ಲವೇ ಪೂರ್ತಿ ಹೊಸದು. ಬೂಟು, ಟೋಪಿ ಎರಡಕ್ಕೂ ನಡೆಯುತ್ತವೆ. ಅದು ಬಿಟ್ಟು ಮೇಲೆ ಹಳೇದು ಕೆಳಗೆ ಹೊಸದು ಹಾಕಿದರೆ ಅದಕ್ಕೆ 'ಮಿಕ್ಸ್ ಡ್ರೆಸ್' ಅಂತ ಹೆಸರು, ಅದು ತಪ್ಪು. ಇನ್ನು ಕುರಿ ಕಾಯುವವರು ಎರಡರಲ್ಲಿ ಯಾವುದನ್ನೂ ಹಾಕುವಂತಿಲ್ಲ. ಇದನ್ನೆಲ್ಲ ಜಗಲಿಯ ಮೇಲೆ ನಿಂತು ಅಪ್ಪನಿಗೆ ಜೋರು ದನಿಯಲ್ಲಿ ಪಾಠ ಒಪ್ಪಿಸಿದೆ. ಎದುರು ಮನೆಯವರು ಬಾಗಿಲಿಗೆ ಬಂದು ಕೇಳಿಸಿಕೊಂಡರು.

ನಿಮ್ಮ ಸಾಹೇಬರೇನು ನನ್ನ ಕುರಿ ರೊಪ್ಪಕ್ಕೆ ಬತ್ತಾರಾ ಅಂತ ಅಪ್ಪ ಗೊಣಗಿದ. ಆದರೂ ಬಿಚ್ಚಿದ. ಒಳಗೆ ಅಮ್ಮ ನಕ್ಕೂ ನಕ್ಕೂ ಕೆಮ್ಮುತ್ತಿದ್ದಳು.

ಅಮ್ಮ ಮಧುಗಿರಿಯ ಗಾರ್ಮೆಂಟ್ಸ್‌ನಲ್ಲಿ ಚೆಕರ್. ಬೆಳಿಗ್ಗೆ ವ್ಯಾನು ಬಡವನಹಳ್ಳಿ ಕಡೆಯ ಹಳ್ಳಿಗಳಿಂದ ಹೆಂಗಸರನ್ನು ತುಂಬಿಕೊಂಡು ಹೋದರೆ ಮತ್ತೆ ತಂದು ಬಿಡುವುದು ದೀಪ ಹಚ್ಚುವ ಹೊತ್ತಿಗೆ. ಹೊಲಿದ ಶರ್ಟು ಅವಳ ಮೇಜಿಗೆ ಬರುತ್ತದೆ. ದಾರ ಬಿಟ್ಟಿದೆಯಾ, ಗುಂಡಿ ಓರೆಯಾಗಿದೆಯಾ, ಕಲೆ ಬಿದ್ದಿದೆಯಾ ಅಂತ ಮಗುಚಿ ನೋಡಿ ಆಚೆ ತಳ್ಳುವುದು ಅವಳ ಕೆಲಸ. ಮನೆಗೆ ಬಂದ ನೆಂಟರ ಬಟ್ಟೆಯನ್ನೂ ಅವಳು ಹಾಗೇ ನೋಡುತ್ತಾಳೆ. ಒಂದು ಮದುವೆಯಲ್ಲಿ ಗಂಡಿನ ಕೋಟಿನ ತೋಳು ಉದ್ದ ಹೆಚ್ಚುಕಮ್ಮಿ ಇದೆ ಅಂತ ಬೀಗರ ಮುಂದೆಯೇ ಹೇಳಿ ಅಪ್ಪನಿಂದ ಬೈಸಿಕೊಂಡಿದ್ದಾಳೆ.

ಇಂಥ ಅಮ್ಮನೇ ಹೊಸ ಬಟ್ಟೆಗೆ ತಾನೇ ಕಲೆ ಮಾಡುತ್ತಾಳೆ. ಅರಿಶಿನದ ಕಲೆ. ನಮ್ಮ ಕಡೆ ಹೊಸ ಬಟ್ಟೆಯ ಮೂಲೆಗೆ ಚೂರು ಅರಿಶಿನ ಹಚ್ಚದೆ ಯಾರೂ ಮೈಗೆ ಹಾಕುವುದಿಲ್ಲ. ಅಮ್ಮ ಮಾತ್ರ ಅದನ್ನೂ ಚೆಕರ್ ಬುದ್ಧಿಯಿಂದಲೇ ಹಚ್ಚುತ್ತಾಳೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಸೀರೆಯಾದರೆ ಒಳಸೆರಗಿನ ತುದಿಗೆ, ಶರ್ಟಾದರೆ ಹಿಂಭಾಗದ ಕೆಳ ಅಂಚಿಗೆ. ಇನ್‌ಶರ್ಟ್ ಮಾಡಿದರೆ ಅದು ಪ್ಯಾಂಟಿನೊಳಗೆ ಮುಚ್ಚಿಹೋಗುತ್ತದೆ. ನಾನು ಸೈನ್ಯ ಸೇರಿದಾಗಿನಿಂದ ನನ್ನ ಹಳೆಯ ಡ್ರೆಸ್ಸಿನ ಪ್ರತಿಯೊಂದು ಶರ್ಟಿಗೂ ಅಲ್ಲಿ ಒಂದು ಹಳದಿ ಬೊಟ್ಟು ಇತ್ತು. ಟ್ರೈನಿಂಗಿನಲ್ಲಿ ಮೊದಲ ಸಲ ನೋಡಿದಾಗ ಎದೆ ಧಸಕ್ ಅಂದಿತ್ತು. ಆಮೇಲೆ ಯಾರಿಗೂ ಕಾಣಲ್ಲವಲ್ಲ ಅಂತ ಬಿಟ್ಟುಬಿಟ್ಟೆ. ಬ್ಯಾರಕ್ಕಿನಲ್ಲಿ ತಾಯತ ಕಟ್ಟಿಕೊಂಡವರನ್ನು, ಟ್ರಂಕಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡವರನ್ನು ಎಲ್ಲರಿಗಿಂತ ಜೋರಾಗಿ ಗೇಲಿ ಮಾಡುತ್ತಿದ್ದವಳು ನಾನೇ.

ಆ ರಜೆಗೆ ಬರುವಾಗ ಹೊಸದಾಗಿ ಕೊಟ್ಟ ಎರಡು ಜೊತೆ ಡ್ರೆಸ್ಸನ್ನೂ ತಂದಿದ್ದೆ. ಅಮ್ಮ ಮುಟ್ಟಿ, ಉಜ್ಜಿ, ಬಟ್ಟೆ ಹಗುರ ಐತೆ, ಬೇಗ ಒಣಗ್ತೈತೆ ಅಂತ ಮೆಚ್ಚಿದಳು. ಒಂದು ಸಲ ಹಾಕಿ ತೋರಿಸು ಅಂದಳು. ಹಾಗೆಲ್ಲ ಮನೆಯಲ್ಲಿ ಹಾಕುವಂತಿಲ್ಲ ಅಂದೆ. ಬಾಗಿಲು ಹಾಕಿಕೊಂಡು ಒಳಗೇ ಹಾಕು, ನಾನೊಬ್ಬಳೇ ನೋಡುತ್ತೇನೆ ಅಂದಳು. ಆಗಲೂ ಇಲ್ಲ ಅಂದೆ. ಹಾಗೇನೂ ನಿಯಮ ಇರಲಿಲ್ಲ. ನನಗೆ ದೊಡ್ಡವಳಾಗಬೇಕಿತ್ತು ಅಷ್ಟೆ. ಅಪ್ಪನ ಪ್ಯಾಂಟು ಬಿಚ್ಚಿಸಿದವಳು ಅಮ್ಮನ ಮುಂದೆ ಮೆತ್ತಗಾಗುವುದು ಹೇಗೆ?

ಇನ್ನೊಂದು ವಿಷಯವೂ ತಲೆಗೇರಿತ್ತು. ಡ್ರೆಸ್ ಬದಲಾಗುವ ವಾರ ನಮ್ಮ ಕ್ಯಾಂಪಿನ ಮುಖ್ಯ ಗೇಟಿನಲ್ಲಿ ನಿಂತು, ಬರುವವರ ಹೋಗುವವರ ಡ್ರೆಸ್ ನೋಡಲು ಇಬ್ಬರು ಹುಡುಗಿಯರನ್ನು ಹಾಕುವುದು ಅಂತ ಮಾತಾಗಿತ್ತು. ಆ ಗೇಟಿಗೆ ಅಲ್ಲಿಯವರೆಗೆ ಗಂಡಸರನ್ನು ಬಿಟ್ಟು ಯಾರನ್ನೂ ಹಾಕಿರಲಿಲ್ಲ. ಒಂದು ಹೆಸರು ನನ್ನದು. ಇನ್ನೊಂದು ನನ್ನ ಬ್ಯಾಚಿನವಳದು, ಹಿಮಾಚಲದ ಗುಡ್ಡಗಾಡಿನವಳು, ನನ್ನ ಪಕ್ಕದ ಮಂಚದವಳು. ನಾವಿಬ್ಬರೂ ಆ ಡ್ಯೂಟಿಗೆ ತಿಂಗಳುಗಟ್ಟಲೆ ಆಸೆಪಟ್ಟಿದ್ದೆವು, ಸಾಹೇಬರನ್ನು ಕಾಡಿದ್ದೆವು. ಅಮ್ಮನಿಗೆ ಹೇಳಿದ್ದೇ ತಡ, ಮಾರನೆಯ ದಿನದ ಹೊತ್ತಿಗೆ ವ್ಯಾನಿನ ಹೆಂಗಸರಿಗೆಲ್ಲ ಗೊತ್ತಾಗಿತ್ತು. ನಾನೂ ಚೆಕಿಂಗು, ನನ್ನ ಮಗಳೂ ಚೆಕಿಂಗು ಅಂತ ಹೇಳಿಕೊಂಡು ತಿರುಗಿದ್ದಳಂತೆ.

ಹೊರಡುವ ಹಿಂದಿನ ದಿನ ಅಮ್ಮ ಎರಡು ಜೊತೆಯನ್ನೂ ಇಸ್ತ್ರಿ ಮಾಡಿ, ಮಡಿಸಿ ಟ್ರಂಕಿನಲ್ಲಿಟ್ಟಳು. ನಾನು ಬಿಚ್ಚಿ ನೋಡಲಿಲ್ಲ.

ಈಗ ಒಂದು ಮಾತು ಹೇಳಲೇಬೇಕು. ಹಳೆಯ ಶರ್ಟನ್ನು ಇನ್‌ಶರ್ಟ್ ಮಾಡಬೇಕು. ಹೊಸದನ್ನು ಮಾಡಬಾರದು, ಅದು ಹೊರಗೆ ಇಳಿಬೀಳಬೇಕು. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ನಾನು ಹಾಕಿ ತೋರಿಸಿದ್ದರೆ ಗೊತ್ತಾಗುತ್ತಿತ್ತು.

ಹೊಸ ಡ್ರೆಸ್ಸಿನ ಮೊದಲ ಪರೇಡಿನ ಬೆಳಿಗ್ಗೆ ಶರ್ಟು ಹಾಕಿಕೊಂಡು ಕನ್ನಡಿಗೆ ಬೆನ್ನು ಕೊಟ್ಟು ತಿರುಗಿ ನೋಡಿದೆ. ಹಿಂದೆ, ಬಲಗಡೆಯ ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಅಗಲದ ಹಳದಿ. ಇನ್ನೊಂದು ಶರ್ಟು ತೆಗೆದರೆ ಅದರಲ್ಲೂ ಅದೇ ಜಾಗದಲ್ಲಿ ಅದೇ ಬೊಟ್ಟು. ಅಮ್ಮನ ಕೈ ಎಂದೂ ಜಾಗ ತಪ್ಪುವುದಿಲ್ಲ. ಮೈಯೆಲ್ಲ ಉರಿಯಿತು. ಈ ಹಾಳು ಅರಿಶಿನ, ಈ ಹಾಳು ಊರು ಅಂತ ಬೈದುಕೊಂಡು ನಲ್ಲಿಯ ಹತ್ತಿರ ಓಡಿಹೋಗಿ ಎರಡಕ್ಕೂ ಬಟ್ಟೆ ಸೋಪು ಹಾಕಿ ತಿಕ್ಕಿದೆ.

ಸುಣ್ಣಕ್ಕೆ ಅರಿಶಿನ ಬೆರೆಸಿದರೆ ಕೆಂಪಾಗುತ್ತದೆ ಅಂತ ನಮ್ಮೂರಿನ ಕೂಸನ್ನು ಕೇಳಿದರೂ ಹೇಳುತ್ತದೆ. ಆರತಿ ತಟ್ಟೆಗೆ ಓಕುಳಿ ಕಲಸುವುದೇ ಹಾಗೆ. ಸೋಪೂ ಅದನ್ನೇ ಮಾಡುತ್ತದೆ. ಗಾಬರಿಯಲ್ಲಿ ನನಗೆ ಹೊಳೆಯಲಿಲ್ಲ. ತಿಕ್ಕಿದಷ್ಟೂ ಹಳದಿ ಕೆಂಪಾಯಿತು, ಕೆಂಪು ಹರಡಿ ಅಂಗೈಯಷ್ಟಾಯಿತು. ನೀರು ಸುರಿದರೆ ಅಂಚು ಕಂದಾಗಿ ನಿಂತಿತು. ಅಷ್ಟರಲ್ಲಿ ಸೀಟಿ ಕೂಗಿತು.

ಹಳೆಯ ಶರ್ಟು ಹಾಕಿದರೆ ಮಿಕ್ಸ್ ಡ್ರೆಸ್. ಪೂರ್ತಿ ಹಳೆಯದು ಹಾಕಿದರೆ ಆ ದಿನದ ಆಜ್ಞೆ ಮುರಿದಂತೆ. ನನ್ನ ಅಳತೆಯ ಶರ್ಟು ಯಾರ ಹತ್ತಿರವೂ ಇಲ್ಲ. ಹಾಗಾಗಿ ಹೊಸ ಶರ್ಟನ್ನೇ ಹಾಕಿ, ಇನ್‌ಶರ್ಟ್ ಮಾಡಿ, ಬೆಲ್ಟು ಬಿಗಿದು ಹೋಗಿ ನಿಂತೆ. ಇಡೀ ಸಾಲಿನಲ್ಲಿ ಎಲ್ಲರ ಶರ್ಟೂ ಹೊರಗಿತ್ತು, ನನ್ನದೊಂದು ಬಿಟ್ಟು. ಬಟ್ಟೆ ಹೊಸದು, ಹಾಕಿದ ಪದ್ಧತಿ ಹಳೇದು. ಇಂಥ ಮಿಕ್ಸ್ ಡ್ರೆಸ್ಸನ್ನು ಅಪ್ಪನೂ ಕಂಡುಹಿಡಿಯುತ್ತಿರಲಿಲ್ಲ.

ಸುಬೇದಾರ್ ಸಾಹೇಬರು ವಯಸ್ಸಾದವರು. ಯಾರ ಮೇಲೂ ಕೂಗಾಡುವವರಲ್ಲ. ನನ್ನ ಮುಂದೆ ನಿಂತು, ಡ್ರೆಸ್ ಹೊಸದು, ಚಾಳಿ ಮಾತ್ರ ಹಳೇದಾ ಅಂತ ಹಿಂದಿಯಲ್ಲಿ ಕೇಳಿದರು. ಅಕ್ಕಪಕ್ಕದವರು ನಕ್ಕರು. ಹೊರಗೆ ತೆಗೆ ಅಂದರು. ನಾನು ಕದಲಲಿಲ್ಲ. ಇನ್ನೊಂದು ಸಲ ಹೇಳಿದರು. ಬೆಲ್ಟು ಸಡಿಲಿಸಿ ಶರ್ಟು ಹೊರಗೆ ಎಳೆದೆ. ಒದ್ದೆ ಬಟ್ಟೆ ತೊಡೆಗೆ ಅಂಟಿಕೊಂಡಿತು.

ನನ್ನ ಹಿಂದಿನ ಸಾಲಿನಲ್ಲಿ ಗಂಡು ಹುಡುಗರಿದ್ದರು. ನಗು ಫಕ್ಕನೆ ನಿಂತುಹೋಯಿತು. ಸಾಹೇಬರು ನನ್ನನ್ನು ಸುತ್ತಿ ಹಿಂದಕ್ಕೆ ಹೋದರು. ನೋಡಿದರು. ನೋಡಿದ ತಕ್ಷಣ ಮುಖ ಆಚೆ ತಿರುಗಿಸಿದರು. ಅವರು ಏನೆಂದುಕೊಂಡರು ಅಂತ ನನಗೆ ಆಗಲೇ ಗೊತ್ತಾಯಿತು. ಹೆಂಗಸಿನ ಬಟ್ಟೆಯ ಹಿಂಭಾಗದಲ್ಲಿ ಕೆಂಪು ಕಲೆ. ಬೇರೆ ಏನು ಅಂದುಕೊಳ್ಳುತ್ತಾರೆ?

"ಹೋಗು ಬೇಟಾ, ರೂಮಿಗೆ ಹೋಗು," ಅಂದರು. ಅಲ್ಲಿಯವರೆಗೆ ಅವರು ನನ್ನನ್ನು ಬೇಟಾ ಅಂದಿರಲಿಲ್ಲ.

'ಸಾಬ್, ಅದು ಹಲ್ದಿ' ಅಂದಿದ್ದರೆ ಸಾಕಾಗಿತ್ತು. ನಾಲಿಗೆಯ ತುದಿಯವರೆಗೆ ಬಂತು. ಆಮೇಲೆ ಇಡೀ ಸಾಲು ಅದನ್ನು ಕೇಳಿಸಿಕೊಳ್ಳುವುದು ಕಣ್ಣ ಮುಂದೆ ಬಂತು. ಇವಳ ಅಮ್ಮ ದೃಷ್ಟಿ ತಾಗದಿರಲಿ ಅಂತ ಯೂನಿಫಾರ್ಮಿಗೆ ಅರಿಶಿನ ಹಚ್ಚಿ ಕಳಿಸಿದ್ದಾಳಂತೆ, ತಾಯತದವರನ್ನು ಗೇಲಿ ಮಾಡುತ್ತಿದ್ದವಳು ಇವಳೇ ಅಲ್ಲವಾ? ಆ ನಗು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ ಮೈದಾನ ದಾಟಿದೆ.

ಹಿಮಾಚಲದವಳು ಪರೇಡು ಮುಗಿದ ಕೂಡಲೇ ರೂಮಿಗೆ ಓಡಿಬಂದಳು. ಬಿಸಿನೀರಿನ ಚೀಲ ತಂದಳು, ಮಾತ್ರೆ ತಂದಳು, ಕ್ಯಾಂಟೀನಿನಿಂದ ಚಹಾ ತಂದಳು. ನಾನು ಮಂಚದ ಮೇಲೆ ಮಲಗಿ, ಒಂದಿಷ್ಟೂ ನೋವಿಲ್ಲದ ಹೊಟ್ಟೆಯ ಮೇಲೆ ಆ ಬಿಸಿನೀರಿನ ಚೀಲ ಇಟ್ಟುಕೊಂಡೆ. ಅವಳು ಶರ್ಟನ್ನು ತಾನೇ ಒಗೆಯುತ್ತೇನೆ ಅಂದಳು. ಬೇಡ ಅಂತ ಕಿತ್ತುಕೊಂಡೆ. ಇವಳಿಗಾದರೂ ಹೇಳಬೇಕಿತ್ತು. ಒಂದು ಸಲ ಸುಮ್ಮನಿದ್ದ ಮೇಲೆ ಮತ್ತೆ ಬಾಯಿ ಬಿಡುವುದು ಇನ್ನೂ ಕಷ್ಟ.

ಗೇಟಿನ ಡ್ಯೂಟಿಯಿಂದ ನಮ್ಮಿಬ್ಬರನ್ನೂ ತೆಗೆದರು. ಶಿಕ್ಷೆಯಾಗಿ ಅಲ್ಲ, ಕರುಣೆಯಿಂದ. ಬಿಸಿಲಲ್ಲಿ ಅಷ್ಟು ಹೊತ್ತು ನಿಲ್ಲುವುದು ಹುಡುಗಿಯರಿಗೆ ಕಷ್ಟ, ಹೆಣ್ಣುಮಕ್ಕಳಿಗೆ ನೂರೆಂಟು ತೊಂದರೆ ಇರುತ್ತವೆ, ಆಫೀಸಿನಲ್ಲಿ ಕೂರುವ ಕೆಲಸ ಕೊಡೋಣ ಅಂತ ಸಾಹೇಬರು ಹೇಳಿದರಂತೆ. ಗೇಟಿಗೆ ಎಂದಿನಂತೆ ಇಬ್ಬರು ಗಂಡಸರು ಹೋದರು. ಹಿಮಾಚಲದವಳು ನನ್ನನ್ನು ಬೈಯಲಿಲ್ಲ. ಆ ರಾತ್ರಿ ಊಟಕ್ಕೆ ಮಾತ್ರ ನನ್ನ ಪಕ್ಕ ಕೂರಲಿಲ್ಲ.

ಆ ವಾರ ಅಮ್ಮ ಫೋನು ಮಾಡಿ, ಗೇಟಲ್ಲಿ ನಿಂತ್ಕಂಡ್ಯಾ, ಎಷ್ಟು ಜನರನ್ನ ಹಿಡಿದೆ ಅಂತ ಕೇಳಿದಳು. ನಿಂತೆ, ತುಂಬಾ ಜನ ಸಿಕ್ಕರು ಅಂದೆ. ಅವಳು ಹಿಗ್ಗಿದ್ದು ಫೋನಿನಲ್ಲೇ ಕೇಳಿಸಿತು. ಹಿಂದೆ ವ್ಯಾನಿನ ಹೆಂಗಸರ ಗದ್ದಲ ಇತ್ತು. ಇನ್ನು ಗಾರ್ಮೆಂಟ್ಸ್‌ನ ಮೇಜಿನ ಮುಂದೆ ನಿಂತು ಹೊಲಿಯುವವರ ಇಡೀ ಲೈನಿಗೆ ಹೇಳುತ್ತಾಳೆ ಅಂತ ಗೊತ್ತಿತ್ತು. ಫೋನಿಟ್ಟು ಬಾತ್‌ರೂಮಿಗೆ ಹೋಗಿ ಅತ್ತೆ.

ಮುಂದಿನ ರಜೆಗೆ ಬಂದಾಗ ಅಮ್ಮ ನನ್ನ ಟ್ರಂಕಿನಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು ಹಿತ್ತಲಲ್ಲಿ ಹರವಿದಳು. ನಾನು ಅಪ್ಪನ ಜೊತೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಎಷ್ಟು ಹೊತ್ತಾದರೂ ಅಮ್ಮ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ತಂತಿಯ ಮೇಲಿನ ಶರ್ಟಿನ ಅಂಚು ಹಿಡಿದು ನಿಂತಿದ್ದಾಳೆ. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ ಅನ್ನುತ್ತಾರೆ. ಬಹಳಷ್ಟು ಹೋಗಿತ್ತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

"ಇದು ಇನ್‌ಶರ್ಟ್ ಮಾಡೋ ಶರ್ಟಲ್ಲ ಕಣೆ," ಅಂದಳು. "ಅಂಚು ನೇರ ಐತೆ. ಇನ್‌ಶರ್ಟ್ ಮಾಡೋದಾದ್ರೆ ಸೈಡಲ್ಲಿ ಗುಂಡಾಗಿ ಕತ್ತರಿಸಿರ್ತಾರೆ."

ನಾನು ಹೂಂ ಅಂದೆ.

"ದಿನಾ ಇದೇ ನೋಡೋಳು ನಾನು. ನನ್ ಮಗಳ ಬಟ್ಟೆ ಅನ್ಕಂಡು ಸುಮ್ನೆ ಸವರಿ ಇಟ್ಟೆ, ನೋಡ್ನೇ ಇಲ್ಲ." ಅಂಚನ್ನು ಮತ್ತೆ ಮಗುಚಿದಳು. "ಸೋಪು ಹಾಕಿದ್ದೀಯ. ಕೆಂಪಗಾಗಿರ್ತೈತೆ. ಯಾರು ನೋಡಿದ್ರು? ಏನಂದ್ರು?"

ಅಮ್ಮನ ಮುಂದೆ ಸುಳ್ಳು ಹೇಳುವ ಶಕ್ತಿ ಅವತ್ತು ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲಾ ಹೇಳಿದೆ. ಸಾಹೇಬರು ಮುಖ ತಿರುಗಿಸಿದ್ದು, ನಾನು ಸುಮ್ಮನಿದ್ದದ್ದು, ಗೇಟಿನಲ್ಲಿ ಒಂದು ಗಳಿಗೆಯೂ ನಿಲ್ಲದಿದ್ದರೂ ಫೋನಿನಲ್ಲಿ ನಿಂತೆ ಅಂತ ಸುಳ್ಳು ಹೇಳಿದ್ದು.

"ರಗತ ಅಂದ್ಕಂಡ್ರೂ ಪರ್ವಾಗಿಲ್ಲ, ಅಮ್ಮ ಅರಿಶಿನ ಹಚ್ಚಿದ್ದು ಅನ್ನಕ್ಕೆ ನಾಚ್ಕೆ ಆಯ್ತಾ?" ಅಂತ ಕೇಳಿದಳು.

ಆಯ್ತು ಅಂದೆ. ಅದನ್ನೂ ನಿಜವೇ ಹೇಳಿದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲಿಗೋ ಮತ್ಯಾತಕ್ಕೋ, ನನಗೆ ನೋಡುವ ಧೈರ್ಯ ಇರಲಿಲ್ಲ. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಆಮೇಲೆ ಅವಳು ಕೇಳಿದ್ದು ತನ್ನ ವಿಷಯ ಅಲ್ಲ. ಆ ಇನ್ನೊಬ್ಬ ಹುಡುಗಿಗೆ ಹೇಳಿದೆಯಾ ಅಂತ ಕೇಳಿದಳು. ಇಲ್ಲ ಅಂದೆ. ಅವಳ ಡ್ಯೂಟಿಯೂ ಹೋಯಿತಲ್ಲ, ಅವಳ ತಾಯಿಯೂ ಊರಿಗೆಲ್ಲ ಹೇಳಿಕೊಂಡಿರುತ್ತಾಳಲ್ಲ ಅಂದಳು. ಈಗಲೇ ಫೋನು ಮಾಡು, ನನ್ನ ಮುಂದೆಯೇ ಮಾಡು ಅಂತ ಹಟ ಹಿಡಿದಳು. ಹಿತ್ತಲಲ್ಲಿ ಸಿಗ್ನಲ್ ಸಿಗುವುದಿಲ್ಲ. ಇಬ್ಬರೂ ಮಾಳಿಗೆ ಹತ್ತಿದೆವು.

ಹಿಮಾಚಲದವಳು ಪೂರ್ತಿ ಕೇಳಿದಳು. ಅರಿಶಿನ, ಅಮ್ಮ, ಸೋಪು, ಎಲ್ಲ. ನಾನು ಕ್ಷಮೆ ಕೇಳಿದೆ. ಅದು ರಕ್ತವಲ್ಲ, ನನಗೆ ಏನೂ ಆಗಿರಲಿಲ್ಲ, ನಾನು ಗೇಟಿನಲ್ಲಿ ನಿಲ್ಲಬಹುದಿತ್ತು ಅಂದೆ. ಅವಳು ಒಂದೇ ಮಾತು ಹೇಳಿ ಫೋನಿಟ್ಟಳು.

ಏನಂದಳು ಅಂತ ಅಮ್ಮ ಕೇಳಿದಳು. ಹಿಂದಿಯನ್ನು ನಮ್ಮ ಮಾತಿಗೆ ತಂದು ಹೇಳಿದೆ.

"ರಗತವೇ ಆಗಿದ್ರೂ ನಿಂತ್ಕಬೋದಿತ್ತಲ್ಲ ಅಂದ್ಲು ಕಣಮ್ಮ."

ನನಗೆ ಆ ಮಾತು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅರಿಶಿನ ಅನ್ನಲು ನಾಚಿದೆ, ಸುಳ್ಳಿಗೆ ನಾಚಿದೆ, ಆದರೆ ಸಾಹೇಬರು ಹುಡುಗಿಯರನ್ನು ಗೇಟಿನಿಂದ ತೆಗೆದದ್ದರಲ್ಲಿ ತಪ್ಪಿದೆ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಕಲೆ ಅದೇ ಆಗಿದ್ದರೆ ತೆಗೆಯುವುದೇ ಸರಿ ಅಂತ ನಾನೂ ಒಪ್ಪಿಕೊಂಡು ಕೂತಿದ್ದೆ.

"ಸರ್ಯಾಗೇ ಅಂದವ್ಳೆ," ಅಂದಳು ಅಮ್ಮ. "ಆ ಟೇಬಲ್ ಮುಂದೆ ತಿಂಗಳಿಡೀ ನಿಂತ್ಕಂಡೇ ಅಲ್ವಾ ನಾನು ನಿನ್ನ ಓದಿಸಿದ್ದು? ಆ ದಿನ ಬಂದಾಗ ನನ್ ಬದ್ಲು ಬೇರೆ ಯಾರಾದ್ರೂ ಬಂದು ನಿಂತ್ಕಂತಿದ್ರಾ?"

ಹೇಳಿ ಕೆಳಗಿಳಿದು ಹೋದಳು. ನಾನು ಕತ್ತಲಾಗುವವರೆಗೆ ಮಾಳಿಗೆಯ ಮೇಲೇ ಇದ್ದೆ.

ರಜೆ ಮುಗಿಸಿ ಹೋದ ದಿನವೇ ಸಾಹೇಬರ ಮುಂದೆ ನಿಂತು, ಅದು ಅರಿಶಿನ, ನಮ್ಮಮ್ಮ ಹಚ್ಚಿದ್ದು ಅಂದೆ. ನೀವು ಅಂದುಕೊಂಡದ್ದೇ ಆಗಿದ್ದರೂ ನಾವಿಬ್ಬರೂ ನಿಲ್ಲುತ್ತಿದ್ದೆವು ಅಂತಲೂ ಅಂದೆ. ಅವರು ತಮ್ಮ ಬೂಟು ನೋಡಿಕೊಂಡರು. ತಮ್ಮ ತಾಯಿಯೂ ಹೊಸ ಕುರ್ತಾಕ್ಕೆ ಹಲ್ದಿ ಹಚ್ಚುತ್ತಿದ್ದರು, ಕಾಲರಿನ ಒಳಗೆ ಅಂದರು. ಹೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ, ಇನ್‌ಶರ್ಟ್ ಯಾಕೆ ಮಾಡಿದೆ ಅಂತ ಕೇಳಿದರು. ಮುಚ್ಚಿಡಲು ಅಂದೆ. ಮುಚ್ಚಿಡುವವರನ್ನು ಗೇಟಿನಲ್ಲಿ ನಿಲ್ಲಿಸಿದರೆ ಅವರು ಬೇರೆಯವರಲ್ಲಿ ಏನು ನೋಡುತ್ತಾರೆ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ವಾರ ಗೇಟಿಗೆ ಇಬ್ಬರು ಹುಡುಗಿಯರನ್ನು ಹಾಕಿದರು. ಹಿಮಾಚಲದವಳು, ಮತ್ತು ನಮಗಿಂತ ಚಿಕ್ಕ ಬ್ಯಾಚಿನ ಇನ್ನೊಬ್ಬಳು. ಅಮ್ಮನಿಗೆ ಫೋನು ಮಾಡಿ ನಿಜ ಹೇಳಿದೆ. ಹಂಗಾ, ಒಳ್ಳೇದಾತು ಬುಡು ಅಂದಳು.

ಮೊದಲ ದಿನ ಆಫೀಸಿಗೆ ಹೋಗಲು ಗೇಟು ದಾಟುವಾಗ ಹಿಮಾಚಲದವಳು ಕೈ ಅಡ್ಡ ಹಾಕಿ ನನ್ನನ್ನು ನಿಲ್ಲಿಸಿದಳು. ಬೇರೆ ಎಲ್ಲರನ್ನೂ ನೋಡಿದ ಹಾಗೇ ಟೋಪಿಯಿಂದ ಬೂಟಿನವರೆಗೆ ನೋಡಿದಳು. ಹಿಂದೆ ತಿರುಗು ಅಂದಳು. ತಿರುಗಿದೆ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಗಂಡಸರು ನನ್ನ ಮುಖ ನೋಡುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಆಮೇಲೆ ಬೆನ್ನ ಹಿಂದಿನಿಂದ, ಹೆಸರು ಹಿಡಿಯದೆ, ಹೋಗಬಹುದು ಅಂದಳು.